ಬಚ್ಚಲುಮನೆಯ ಗಡಿಯಾರ, ಶರಾವತಿಯ ಕಣಿವೆ

ವೈಟ್‌ಫೀಲ್ಡಿನ ಜನ ಎಷ್ಟು ಗಂಟೆಗೆ ಸ್ನಾನ ಮಾಡುತ್ತಾರೆ ಎಂಬುದು ಘಟ್ಟದ ಮೇಲಿನ ನಮಗೇಕೆ ಬೇಕು ಎಂದು ಓದುಗರು ಕೇಳಬಹುದು. ಉತ್ತರ ಒಂದು ಸಣ್ಣ ಗುಣಾಕಾರದಲ್ಲಿದೆ. ಮನೆಬಳಕೆಯ ಸಾಮಾನ್ಯ ಗೀಸರ್ 2 ಕಿಲೋವ್ಯಾಟ್‌ನದು. ಅಂಥ 10 ಲಕ್ಷ ಗೀಸರುಗಳು ಏಕಕಾಲಕ್ಕೆ ಕಾಯತೊಡಗಿದರೆ ಬೇಕಾಗುವ ವಿದ್ಯುತ್ತು 2,000 ಮೆಗಾವ್ಯಾಟ್. ಶರಾವತಿ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದ ಒಡಲನ್ನು ಕೊರೆದು ನಿರ್ಮಿಸಲು ಹೊರಟಿರುವ ಪಂಪ್ಡ್ ಸ್ಟೋರೇಜ್ ಯೋಜನೆಯ ಸಾಮರ್ಥ್ಯವೂ ನಿಖರವಾಗಿ ಅಷ್ಟೇ: ತಲಾ 250 ಮೆಗಾವ್ಯಾಟ್‌ನ ಎಂಟು ಯಂತ್ರಗಳು, ಒಟ್ಟು 2,000 ಮೆಗಾವ್ಯಾಟ್.

ಈ ಹೋಲಿಕೆಯನ್ನು ಅದರ ಮಿತಿಗಿಂತ ಆಚೆಗೆ ಎಳೆಯಬಾರದು. ಎಲ್ಲ ಗೀಸರುಗಳೂ ಒಂದೇ ಕ್ಷಣದಲ್ಲಿ ಉರಿಯುವುದಿಲ್ಲ. ಯೋಜನೆಯ ಪ್ರತಿಪಾದಕರು ಮುಂದಿಡುವ ಸಂಜೆಯ ಬೇಡಿಕೆಯಲ್ಲಿ ದೀಪ, ಅಡುಗೆಮನೆ, ಟಿ.ವಿ., ಅಂಗಡಿಬೀದಿ ಎಲ್ಲವೂ ಸೇರಿವೆ. ಆದರೂ ಯೋಜನೆಯ ಸ್ವರೂಪವನ್ನು ಅರಿಯಲು ಇದಕ್ಕಿಂತ ಸುಲಭವಾದ ಅಳತೆಗೋಲಿಲ್ಲ. ಪಂಪ್ಡ್ ಸ್ಟೋರೇಜ್ ಎಂಬುದು ವಿದ್ಯುತ್ ಉತ್ಪಾದಿಸುವ ಯೋಜನೆಯಲ್ಲ, ಹೊತ್ತು ಬದಲಿಸುವ ಯೋಜನೆ. ವಿದ್ಯುತ್ತು ಹೇರಳವಾಗಿರುವಾಗ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಕೊರತೆಯಾದಾಗ ಅದನ್ನೇ ಕೆಳಕ್ಕೆ ಬಿಡುವುದು. ಈ ಏರಿಳಿತದಲ್ಲಿ ಹಾಕಿದ ವಿದ್ಯುತ್ತಿನ ಐದನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ನಷ್ಟವಾಗುತ್ತದೆ. ಬೆಳಿಗ್ಗೆ ಎರಡು ತಾಸು, ಸಂಜೆ ನಾಲ್ಕು ತಾಸಿನ ನೂಕುನುಗ್ಗಲನ್ನು ಸಂಭಾಳಿಸಲೆಂದು ಕಾಡಿನ ಕೆಳಗೆ ಸುರಂಗ.

ಹಾಗಾದರೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಆ ಹೊತ್ತನ್ನು ಕಣಿವೆಯಲ್ಲಿ ಬದಲಿಸುವುದಕ್ಕೆ ಮುಂಚೆ ಬಚ್ಚಲುಮನೆಯಲ್ಲಿ ಬದಲಿಸಲು ಯಾರಾದರೂ ಪ್ರಯತ್ನಿಸಿದ್ದಾರೆಯೇ?

ಮನೆಯ ವಿದ್ಯುತ್ ಉಪಕರಣಗಳಲ್ಲಿ ಹೊತ್ತು ಬದಲಿಸಲು ಗೀಸರಿನಷ್ಟು ಒಪ್ಪುವುದು ಬೇರೊಂದಿಲ್ಲ. ದೀಪವನ್ನು ಕತ್ತಲಾದಾಗಲೇ ಹಚ್ಚಬೇಕು, ಮಿಕ್ಸಿಯನ್ನು ಅಡುಗೆಯ ಹೊತ್ತಿಗೇ ತಿರುಗಿಸಬೇಕು. ಬಿಸಿನೀರು ಹಾಗಲ್ಲ. ನಮ್ಮ ಮಲೆನಾಡಿನ ಬಚ್ಚಲ ಒಲೆಯ ಹಂಡೆಯನ್ನು ನೆನೆಯಿರಿ. ಸೋಗೆ, ಹಾಳೆ, ಕುಂಟೆ ಒಟ್ಟಿ ನಸುಕಿಗೆ ಒಮ್ಮೆ ಉರಿ ಹಾಕಿದರೆ ಮನೆಮಂದಿಯ ಸ್ನಾನವೆಲ್ಲ ಮುಗಿಯುವವರೆಗೆ ನೀರು ಬಿಸಿಯಾಗಿಯೇ ಇರುತ್ತದೆ. ಉರಿಯ ಹೊತ್ತು ಬೇರೆ, ಸ್ನಾನದ ಹೊತ್ತು ಬೇರೆ. ಗೀಸರ್ ಎಂದರೆ ಅದೇ ಹಂಡೆಗೆ ದಪ್ಪ ಕಂಬಳಿ ಹೊದಿಸಿ ಗೋಡೆಗೆ ತೂಗುಹಾಕಿದ್ದು, ಅಷ್ಟೇ.

ಲೆಕ್ಕವನ್ನು ತುಸು ಬಿಡಿಸಿ ನೋಡೋಣ. 25 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 1.1 ಯೂನಿಟ್ ಸಾಕು. 2 ಕಿಲೋವ್ಯಾಟ್ ಗೀಸರಿಗೆ ಇದು ಅರ್ಧ ತಾಸಿನ ಆಸುಪಾಸಿನ ಕೆಲಸ. ಸ್ವಿಚ್ಚನ್ನು ಇಡೀ ದಿನ ಹಾಕಿಯೇ ಬಿಟ್ಟರೆ, ಯಾರೂ ನಲ್ಲಿ ತಿರುಗಿಸದಿದ್ದರೂ ಶಾಖ ಸೋರುತ್ತಲೇ ಇರುತ್ತದೆ, ಥರ್ಮೋಸ್ಟಾಟ್ ಮತ್ತೆ ಮತ್ತೆ ಎಚ್ಚತ್ತು ಕಾಯಿಸುತ್ತದೆ. ಹಳೆಯ ಗೀಸರಿನಲ್ಲಿ ಈ ಸೋರಿಕೆ ದಿನಕ್ಕೆ ಒಂದು ಯೂನಿಟ್, ಹೆಚ್ಚು ನಕ್ಷತ್ರಗಳ ಹೊಸದರಲ್ಲಿ ಅರ್ಧ ಯೂನಿಟ್ ಎಂದು ಹಿಡಿಯಿರಿ. ಹೊಸ ಗೀಸರಿನ ನಕ್ಷತ್ರದ ಚೀಟಿಯ ಮೇಲೆಯೇ ಈ ಅಂಕಿ ಅಚ್ಚಾಗಿರುತ್ತದೆ, ಓದುವವರು ಕಡಿಮೆ. ಟೈಮರ್ ಅಳವಡಿಸಿದರೆ ಹಳೆಯ ಗೀಸರಿನ ಮನೆಗೆ ತಿಂಗಳಿಗೆ 20 ಯೂನಿಟ್ ಉಳಿಯಬಹುದು, ಈಗಿನ ದರದಲ್ಲಿ 120 ರೂಪಾಯಿ. ಹೊಸ ಗೀಸರಿನ ಮನೆಗೆ ಅದರರ್ಧ. ಸ್ನಾನಕ್ಕೆ ಅರ್ಧ ತಾಸು ಮುಂಚೆ ತಾವೇ ಸ್ವಿಚ್ ಹಾಕಿ, ಮರೆಯದೆ ಆರಿಸುವ ಶಿಸ್ತಿನವರಿಗೆ ಉಳಿಯುವುದು ಏನೂ ಇಲ್ಲ. ಟೈಮರಿನಿಂದ ಬಿಲ್ಲು ಅರ್ಧಕ್ಕಿಳಿಯುತ್ತದೆ ಎಂದು ಮಾರಾಟಗಾರ ಹೇಳಿದರೆ ನಂಬಬೇಡಿ.

ಯಾರಿಗೆ ಇದು ಉಪಯುಕ್ತ? ಬೆಂಗಳೂರಿನ ಹೊರವಲಯದಲ್ಲಿ ಬಿಸಿನೀರಿನದೂ ಒಂದು ವರ್ಗವ್ಯವಸ್ಥೆಯಿದೆ. ಪೀಣ್ಯದ ಸುತ್ತಲಿನ ವಠಾರಗಳಲ್ಲಿ ಮೊದಲ ಪಾಳಿಗೆ ಹೊರಡುವ ಕಾರ್ಮಿಕ ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುತ್ತಾನೆ. ಅವನಿಗೆ ಟೈಮರ್ ಬೋಧಿಸುವುದು ಅವಿವೇಕ, ಅಪಾಯವೂ ಹೌದು. ನೀರಿಲ್ಲದ ಬಕೆಟ್ಟಿನಲ್ಲಿ ಕಾಯಿಲ್ ತಾನಾಗಿ ಹೊತ್ತಿಕೊಂಡರೆ ಗತಿಯೇನು? ಬಾಡಿಗೆ ಮನೆಗಳಲ್ಲಿ ಹೆಚ್ಚಾಗಿ ಕಾಣುವ, ಮೂರು ಲೀಟರಿನ ಇನ್‌ಸ್ಟೆಂಟ್ ಗೀಸರಿಗೂ ಟೈಮರಿನಿಂದ ಪ್ರಯೋಜನವಿಲ್ಲ. ಅದರಲ್ಲಿ ಸಂಗ್ರಹವೇ ಇಲ್ಲ. ನಲ್ಲಿ ತಿರುಗಿಸಿದ ಗಳಿಗೆಯಲ್ಲೇ 3 ಕಿಲೋವ್ಯಾಟ್ ಎಳೆಯುತ್ತದೆ. ಸೋರಿಕೆಯ ದೃಷ್ಟಿಯಿಂದ ಉತ್ತಮವಾದ ಈ ಯಂತ್ರ ಜಾಲದ ದೃಷ್ಟಿಯಿಂದ ಅತ್ಯಂತ ಕೆಟ್ಟದ್ದು. ಟೈಮರಿನ ನಿಜವಾದ ಜಾಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಬಹುಮಹಡಿ ವಸತಿಗಳು ಮತ್ತು ಅವುಗಳ ನೆರಳಲ್ಲಿ ಬೆಳೆದ ಪಿ.ಜಿ.ಗಳು. ಪಿ.ಜಿ.ಯ ಗೀಸರಿನ ಬಿಲ್ಲು ಕಟ್ಟುವವರು ಮಾಲೀಕರು, ಬಳಸುವವರು ಬಾಡಿಗೆಯವರು. ಆರಿಸುವ ಆಸಕ್ತಿ ಯಾರಿಗೂ ಇರುವುದಿಲ್ಲ.

ಕೊಳ್ಳುವವರಿಗೆ ಎರಡು ಎಚ್ಚರಿಕೆಯ ಮಾತು. ಟೈಮರ್ 16 ಆಂಪಿಯರಿನದಾಗಿರಬೇಕು. ಮೊಬೈಲ್ ಚಾರ್ಜರಿನ ಪ್ಲಗ್ಗಿಗೆ ಹಾಕುವ ಅಗ್ಗದ ಟೈಮರನ್ನು ಗೀಸರಿಗೆ ಜೋಡಿಸಿದರೆ ಕರಗಿ ಹೊತ್ತಿಕೊಳ್ಳುತ್ತದೆ. ಎರಡನೆಯದು, ಮುಳ್ಳು ತಿರುಗುವ ಮಾದರಿಯದು ಕರೆಂಟು ಹೋದಾಗ ನಿಂತು, ಬಂದಾಗ ನಿಂತಲ್ಲಿಂದಲೇ ಹೊರಡುತ್ತದೆ. ಹೊರವಲಯದ ವಿದ್ಯುತ್ ಕಡಿತಗಳ ನಡುವೆ ಒಂದು ವಾರದಲ್ಲಿ ಅದರ ಬೆಳಗು ಮಧ್ಯಾಹ್ನವಾಗಿಬಿಟ್ಟಿರುತ್ತದೆ. ಒಳಗೆ ಸಣ್ಣ ಬ್ಯಾಟರಿಯಿದ್ದು ಗಂಟೆ ಮರೆಯದ ಡಿಜಿಟಲ್ ಮಾದರಿಯೇ ಲೇಸು. ಕೊಳವೆಬಾವಿಯ ಗಡಸು ನೀರಿನ ಸುಣ್ಣ ಗೀಸರಿನ ಕಾಯಿಲಿಗೆ ಕಟ್ಟಿಕೊಂಡಿದ್ದರೆ ಅದನ್ನು ಮೊದಲು ತೆಗೆಸಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಟೈಮರನ್ನು ಎಷ್ಟು ಗಂಟೆಗೆ ಇಡಬೇಕು? ಬಹುತೇಕರು ಬೆಳಿಗ್ಗೆ ಆರಕ್ಕೋ ಆರೂವರೆಗೋ ಇಡುತ್ತಾರೆ. ಆಗ ಆ ಮನೆಯ ಬಿಲ್ಲು ಇಳಿದರೂ ಕಣಿವೆಯ ಮೇಲಿನ ಹೊರೆ ಇಳಿಯುವುದಿಲ್ಲ. ಅದು ಏರಲೂಬಹುದು! ಕೈಯಿಂದ ಸ್ವಿಚ್ ಹಾಕುವಾಗ ಒಬ್ಬರು ಹಿಂದೆ, ಒಬ್ಬರು ಮುಂದೆ. ಗಡಿಯಾರಕ್ಕೆ ಒಪ್ಪಿಸಿದರೆ ಸಾವಿರ ಮನೆಗಳು ಒಂದೇ ನಿಮಿಷಕ್ಕೆ ಹೊತ್ತಿಕೊಳ್ಳುತ್ತವೆ. ಚಳಿಗಾಲದ ಆ ಹೊತ್ತಿಗೆ ಪಾವಗಡದ 2,050 ಮೆಗಾವ್ಯಾಟ್ ಸೌರಫಲಕಗಳಿಗೆ ಇನ್ನೂ ಬೆಳಗಾಗಿರುವುದಿಲ್ಲ. ಉರಿಯಬೇಕಾದುದು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು, ಹರಿಯಬೇಕಾದುದು ಶರಾವತಿ.

ನಮ್ಮ ಉತ್ತರ: ಮಧ್ಯಾಹ್ನ. 12ರಿಂದ 3ರ ನಡುವೆ, ಬಿಸಿಲಿನ ವಿದ್ಯುತ್ತು ತುಂಬಿರುವಾಗ. ಮಧ್ಯಾಹ್ನ ಕಾಯಿಸಿದ ನೀರು ಮರುದಿನ ಬೆಳಿಗ್ಗೆಗೆ ಉಳಿದೀತೇ ಎಂದು ನಕ್ಕುಬಿಡಬೇಡಿ. ದಿನಕ್ಕೆ ಅರ್ಧ ಯೂನಿಟ್ ಸೋರುವ 25 ಲೀಟರ್ ಗೀಸರನ್ನು ಎರಡು ಗಂಟೆಗೆ 60 ಡಿಗ್ರಿಗೆ ಕಾಯಿಸಿ ಆರಿಸಿದರೆ ಮರುದಿನ ಆರಕ್ಕೆ ಅದು 50 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಣ್ಣೀರು ಬೆರೆಸಿದರೆ ಧಾರಾಳವಾಗಿ ಎರಡು ಬಕೆಟ್. ಒಂದು ಯೂನಿಟ್ ಸೋರುವ ಹಳೆಯದರಲ್ಲಿ 40ರ ಹತ್ತಿರಕ್ಕಿಳಿದು ಬರಿಯ ಉಗುರುಬೆಚ್ಚಗಾಗಿರುತ್ತದೆ. ಇಬ್ಬರಿರುವ ಮನೆಗೆ ಮಧ್ಯಾಹ್ನದ ಉರಿಯೊಂದೇ ಸಾಕು. ನಾಲ್ವರಿರುವಲ್ಲಿ ನಸುಕಿನ ನಾಲ್ಕರಿಂದ ಐದರೊಳಗೆ ಇನ್ನೊಂದು ಉರಿ ಬೇಕಾದೀತು. ಅದೂ ನೂಕುನುಗ್ಗಲಿನ ಹೊತ್ತಲ್ಲ.

ಇದು ಕನಸಿನ ಮಾತಲ್ಲ. ಫ್ರಾನ್ಸಿನಲ್ಲಿ ಲಕ್ಷಾಂತರ ಮನೆಗಳ ಬಿಸಿನೀರಿನ ಹಂಡೆಗಳು ದಶಕಗಳಿಂದ ಅಗ್ಗದ ದರದ ರಾತ್ರಿಯ ಹೊತ್ತಿನಲ್ಲೇ ಕಾಯುತ್ತಿವೆ, ಊರಿಂದೂರಿಗೆ ಹೊತ್ತು ಹಿಂದುಮುಂದಾಗಿರುವಂತೆ. ಬಿಸಿಲಿನ ವಿದ್ಯುತ್ತು ಹೆಚ್ಚಿದುದರಿಂದ 2025ರ ನವೆಂಬರ್‌ನಿಂದ ಆ ಹೊತ್ತಿನ ಒಂದು ಪಾಲನ್ನು ಮಧ್ಯಾಹ್ನಕ್ಕೆ ಸರಿಸತೊಡಗಿದ್ದಾರೆ. ಅಲ್ಲಿಯ ಜನರ ಸದ್ಗುಣ ಇದಕ್ಕೆ ಕಾರಣವಲ್ಲ, ದರಪಟ್ಟಿ ಕಾರಣ.

ನಮ್ಮಲ್ಲಿ ಹೈ ಟೆನ್ಷನ್ ಸಂಪರ್ಕದ ಕಾರ್ಖಾನೆಯ ಮಾಲೀಕನಿಗೆ ಈ ಪಾಠ ಹೊಸದಲ್ಲ. ಸಂಜೆಯ ಯೂನಿಟ್ ದುಬಾರಿ, ರಾತ್ರಿ ಹತ್ತರ ನಂತರದ್ದು ಅಗ್ಗ ಎಂಬುದು ಅವನಿಗೆ ಬಿಲ್ಲಿನಿಂದಲೇ ಗೊತ್ತು. ಅದೇ ಕಾರ್ಖಾನೆಯ ಮ್ಯಾನೇಜರಿನ ಮನೆಗೆ ಮಾತ್ರ ವಿದ್ಯುತ್ ದರ ಗಡಿಯಾರ ನೋಡುವುದಿಲ್ಲ. 2024ರ ದರ ಆದೇಶದಲ್ಲಿ ಹಂತಗಳನ್ನೂ ತೆಗೆದು ಎಲ್ಲ ಯೂನಿಟ್ಟಿಗೂ ಒಂದೇ ದರ ಮಾಡಲಾಯಿತು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮಿತಿಯ ಅಂಚಿನಲ್ಲಿರುವ ಮನೆಗೆ ಟೈಮರ್ ಉಳಿಸುವ 20 ಯೂನಿಟ್ಟಿನ ಬೆಲೆ 120 ರೂಪಾಯಿಯಲ್ಲ, ಸಾವಿರಕ್ಕೂ ಹೆಚ್ಚು. ಆದರೆ ಅಲ್ಲಿಯೂ ಎಣಿಕೆಗೆ ಬರುವುದು ಎಷ್ಟು ಎಂಬುದು, ಯಾವಾಗ ಎಂಬುದಲ್ಲ.

ದಾರಿ ತೋರಿದವರು ನಮ್ಮವರೇ. 1987ರಲ್ಲಿ ಸರ್ಕಾರಿ ಸಮಿತಿಯೊಂದು ಕರ್ನಾಟಕಕ್ಕೆ ಬೃಹತ್ ವಿದ್ಯುತ್ ಸ್ಥಾವರಗಳ ಸಾಲನ್ನೇ ಸೂಚಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಕೇಂದ್ರವನ್ನು ಕಟ್ಟಿದ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ಅದಕ್ಕೆ ಎದುರಾಗಿ ಇನ್ನೊಂದು ಲೆಕ್ಕವನ್ನಿಟ್ಟರು. ವಿದ್ಯುತ್ತು ಎಷ್ಟು ಬೇಕು ಎಂಬುದಕ್ಕೆ ಮುಂಚೆ ಏತಕ್ಕೆ ಬೇಕು ಎಂದು ಕೇಳಿದ ಆ ಲೆಕ್ಕದಲ್ಲಿ ನೀರು ಕಾಯಿಸುವ ಕೆಲಸವನ್ನು ಸೂರ್ಯನಿಗೆ ಒಪ್ಪಿಸುವುದು ಒಂದು ಮುಖ್ಯ ಅಂಶವಾಗಿತ್ತು. 2007ರಲ್ಲಿ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಯಿತು. ಬೆಂಗಳೂರಿನ ತಾರಸಿಗಳ ಮೇಲಿನ ನೀಲಿ ಕೊಳವೆಗಳು ಆ ಚಿಂತನೆಯ ಫಲ, ಮತ್ತು ಅದು ಸಣ್ಣ ಫಲವಲ್ಲ. ಇಪ್ಪತ್ತು ಅಂತಸ್ತಿನ ಕಟ್ಟಡದಲ್ಲಿ ಮಾತ್ರ ತಾರಸಿ ಒಂದೇ, ಬಚ್ಚಲುಮನೆಗಳು ನೂರಾರು. ಕೆಳಗಿನ ಅಂತಸ್ತುಗಳ ಗೋಡೆಗೆ ಗೀಸರ್ ಬಂದೇ ಬಂತು. ಸೂರ್ಯ ತಾರಸಿಯಿಂದ ಇಳಿಯಲಾರದ ಕಡೆ ಪಾವಗಡದಿಂದ ತಂತಿಯ ಮೂಲಕ ಬರಲಿ. ಆದರೆ ಅವನಿರುವ ಹೊತ್ತಿನಲ್ಲೇ ಬರಲಿ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಹಿನ್ನೀರಿನಾಚೆ ಉಳಿದ ತುಮರಿ ಸೀಮೆಯ ಜನ ಸೇತುವೆಗಾಗಿ 2025ರ ಜುಲೈವರೆಗೆ, ಅರವತ್ತು ವರ್ಷ, ಲಾಂಚಿನ ದಾರಿ ಕಾದರು. ಮುಳುಗಿದವರಲ್ಲಿ ಅನೇಕರ ಮೊಮ್ಮಕ್ಕಳ ಕೈಯಲ್ಲಿ ಇಂದಿಗೂ ಹಕ್ಕುಪತ್ರವಿಲ್ಲ. 2019ರಲ್ಲಿ ಅದೇ ಜಲಾಶಯದ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂತು. ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ತಣ್ಣೀರೂ ಶರಾವತಿಯಿಂದ, ಅದನ್ನು ಕಾಯಿಸುವ ಬಿಸಿಯೂ ಶರಾವತಿಯಿಂದ! 2025ರಲ್ಲಿ ಪಂಪ್ಡ್ ಸ್ಟೋರೇಜ್ ಯೋಜನೆಯ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ವಿರೋಧ ಹೇಳಿದಾಗ ಬಂದ ಮರುಪ್ರಶ್ನೆ ಹಳೆಯದೇ: ಹಾಗಾದರೆ ವಿದ್ಯುತ್ತಿಗೆ ನಿಮ್ಮ ಪರ್ಯಾಯವೇನು?

ಪರ್ಯಾಯಗಳಲ್ಲಿ ಇದೊಂದು. ಗೀಸರ್ ಒಂದರಿಂದಲೇ ಯೋಜನೆ ಅನಗತ್ಯವಾಗುತ್ತದೆಂದು ನಾವು ಹೇಳುವುದಿಲ್ಲ. ಬೇಡಿಕೆಯ ಹೊತ್ತನ್ನು ಸರಿಸುವ ಅಗ್ಗದ ದಾರಿಗಳನ್ನು ಸವೆಸದೆ ಅಭಯಾರಣ್ಯಕ್ಕೆ ಕೈಹಾಕುವ ನೈತಿಕ ಹಕ್ಕು ಯಾರಿಗೂ ಇಲ್ಲ ಎನ್ನುತ್ತೇವೆ. 2025ರ ಆರಂಭದಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದೆ. ಹೊತ್ತು ದಾಖಲಿಸಬಲ್ಲ ಮೀಟರಿಗೆ ಗ್ರಾಹಕ ಹಣ ತೆತ್ತ ಮೇಲೆ ಹೊತ್ತಿನ ದರವನ್ನೂ ಕೊಡಬೇಕಲ್ಲವೇ? ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಮುಂದಿನ ಬಾರಿ ಆಕ್ಷೇಪಣೆಗಳನ್ನು ಕರೆದಾಗ ನಮ್ಮ ಬಳಗ ಮೂರು ಬೇಡಿಕೆಗಳನ್ನು ಸಲ್ಲಿಸಲಿದೆ. ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ, ಇಚ್ಛೆಪಟ್ಟಲ್ಲಿ, ಮಧ್ಯಾಹ್ನದ ಅಗ್ಗದ ದರ. ಎರಡು ದಶಕಗಳ ಹಿಂದೆ ಬೆಸ್ಕಾಂ ಸಿಎಫ್‌ಎಲ್ ಬಲ್ಬುಗಳನ್ನು ಬಿಲ್ಲಿನ ಕಂತಿನಲ್ಲಿ ಕೊಟ್ಟಂತೆ 16 ಆಂಪಿಯರ್ ಟೈಮರುಗಳ ವಿತರಣೆ. ಬಹುಮಹಡಿ ವಸತಿಗಳಲ್ಲಿ ಗೀಸರ್ ಹೊತ್ತನ್ನು ಅಂತಸ್ತಿನಿಂದ ಅಂತಸ್ತಿಗೆ ಹಿಂದುಮುಂದು ಮಾಡುವ ನಿಯಮ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ನಿವಾಸಿ ಸಂಘಗಳಲ್ಲಿ ನಮ್ಮ ಸಾಗರ, ಸಿದ್ದಾಪುರ, ಶಿರಸಿಗಳ ಮಕ್ಕಳೇ ಅನೇಕರಿದ್ದಾರೆ. ಅರ್ಜಿಗೆ ಮೊದಲ ಸಹಿಗಳನ್ನು ಅವರಿಂದಲೇ ಕೇಳುತ್ತಿದ್ದೇವೆ. ಮನೆಗೆ ಕಳಿಸುವ ಮುಂದಿನ ಕಾಗದದಲ್ಲಿ ಗೀಸರಿನ ಲೀಟರ್ ಎಷ್ಟು, ನಕ್ಷತ್ರ ಎಷ್ಟು, ಎಷ್ಟು ಗಂಟೆಗೆ ಹಾಕುತ್ತಾರೆ ಎಂಬ ಮೂರು ವಿವರಗಳನ್ನು ಬರೆದು ತಿಳಿಸಲು ದಯವಿಟ್ಟು ಹೇಳಿ.