ಆರೂವರೆಯ ಮೀಟಿಂಗ್

‘ನಮ್ಮಲ್ಲಿ ಒಬ್ಬ ಹೆಂಗಸೂ ಆ ರಜೆ ಕೇಳಿಲ್ಲ ಮೇಡಂ. ಅಂದ್ರೆ ಬೇಕಾಗಿಲ್ಲ ಅಂತ ತಾನೇ?’

ಮೊನ್ನೆ ಮದುವೆ ಊಟದಲ್ಲಿ ಪಕ್ಕದ ಎಲೆಯವರು ಹೋಳಿಗೆ ಮುರಿಯುತ್ತ ಹೇಳಿದರು. ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ತಂಡವೊಂದರ ಯಜಮಾನಿಕೆ ಅವರದು. ಆ ರಜೆ ಎಂದರೆ ರಾಜ್ಯ ಸರ್ಕಾರ ಕೊಟ್ಟ ಮುಟ್ಟಿನ ರಜೆ, ತಿಂಗಳಿಗೊಂದರಂತೆ ವರ್ಷಕ್ಕೆ 12. ನಿಮ್ಮಲ್ಲಿ ಆ ರಜೆ ಕೇಳುವುದು ಹೇಗೆ ಎಂದೆ. ‘ತಂಡದ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಹಾಕಿದ್ರೆ ಆಯ್ತು. ಎಲ್ಲಾ ಪಾರದರ್ಶಕ.’

ಪಾರದರ್ಶಕವಂತೆ! ಹೋಳಿಗೆ ಗಂಟಲಲ್ಲೇ ನಿಂತಿತು.

ವಿಧಾನಸೌಧದಿಂದ ಏನೇ ಆದೇಶ ಹೊರಡಲಿ, ಹೆಂಗಸಿನ ಕೈಗೆ ಅದು ಎಟಕುವುದೋ ಇಲ್ಲವೋ ಎಂಬುದು ಅವಳ ಮೇಲಿನವನ ಮರ್ಜಿ. 50 ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು ಎಂದು 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ‘ಪ್ರೊಡಕ್ಷನ್, ಪ್ರೊಡಕ್ಷನ್’ ಎಂದು ಸೂಪರ್‌ವೈಸರ್ ನೆತ್ತಿಯ ಮೇಲೆ ನಿಂತಿರುವಾಗ ಗಾರ್ಮೆಂಟ್ ಲೈನಿನಿಂದ ಯಾವ ತಾಯಿ ನಾಲ್ಕು ಸಲ ಎದ್ದಾಳು? ನಮ್ಮ ಬೀದಿಯ ಹುಡುಗಿಯೊಬ್ಬಳ ಮಗುವಿಗೆ ಜ್ವರ ಏರಿದಾಗ ಅಂಗನವಾಡಿಯ ಫೋನು ಫ್ಯಾಕ್ಟರಿ ಗೇಟಿನ ಲಾಕರಿನೊಳಗೇ ಬಡಿದುಕೊಳ್ಳುತ್ತಿತ್ತಂತೆ. ಅವಳಿಗೆ ತಿಳಿದದ್ದು ಪಾಳಿ ಮುಗಿದ ಮೇಲೆ.

ಇನ್ನು ನನ್ನ ಹಳೇ ಜಗಳ: ಸಂಜೆ ಆರೂವರೆಯ ಮೀಟಿಂಗ್. ಮತ್ತದೇ ರಾಗವೇ ಎನ್ನಬೇಡಿ. ಅದನ್ನು ಕರೆಯುವವನಿಗೆ ಮನೆಯಲ್ಲಿ ಅಕ್ಕಿ ತೊಳೆದಿಡಲು ಬೇರೆಯವರಿದ್ದಾರೆ. 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸು ದಿನಕ್ಕೆ 289 ನಿಮಿಷ ಕೊಡುತ್ತಾಳೆ, ಗಂಡಸು 88. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ. ಕಡ್ಡಿ ಎತ್ತಿಡದವರು ಅದರಲ್ಲಿ ಸೇರಿಲ್ಲ! ವಾರಕ್ಕೆ 90 ಗಂಟೆ ದುಡಿಯಬೇಕೆಂದ ಎಲ್ ಆ್ಯಂಡ್ ಟಿ ಅಧ್ಯಕ್ಷರನ್ನು 2025ರಲ್ಲಿ ದೇಶವೆಲ್ಲ ಲೇವಡಿ ಮಾಡಿತು. ಲೇವಡಿ ಮಾಡಿದ ಎಷ್ಟು ಮಂದಿ ತಮ್ಮ ಆರೂವರೆಯ ಮೀಟಿಂಗ್ ರದ್ದು ಮಾಡಿದರೋ ಕಾಣೆ.

ನಾನು ಬ್ಯಾಂಕಿನಲ್ಲಿದ್ದಾಗ ಒಬ್ಬ ಮ್ಯಾನೇಜರ್ ಬಂದರು. ಮಹಾ ಸಿಡುಕ. ಹಬ್ಬದ ದಿನವೂ ಮುಖ ಗಂಟು. ಆದರೆ ಐದೂಮುಕ್ಕಾಲಿಗೆ ಕ್ಯಾಶ್ ತಾಳೆಯಾಯಿತೇ ಎಂದು ಕೇಳಿ, ಊಟದ ಡಬ್ಬಿಯನ್ನು ಚೀಲಕ್ಕೆ ತುರುಕಿ, ತಮ್ಮ ಕೋಣೆಯ ಫ್ಯಾನ್ ಆರಿಸಿಬಿಡುತ್ತಿದ್ದರು. ಅವರು ಎದ್ದರೆ ಇಡೀ ಬ್ರಾಂಚೇ ಏಳುತ್ತಿತ್ತು. ಅವರ ನಂತರ ಬಂದವರು ಸಜ್ಜನರು, ಬೆಣ್ಣೆಯಂಥ ಮಾತು. ‘ನೀವು ಹೊರಡಿಯಮ್ಮ, ಮಕ್ಕಳು ಕಾಯ್ತಿರ್ತವೆ’ ಎನ್ನುತ್ತ ತಾವು ಮಾತ್ರ ಎಂಟರವರೆಗೆ ಕೂರುತ್ತಿದ್ದರು. ಜೊತೆಗೆ ಕೂತ ಗಂಡಸರಿಗೆ ಬಡ್ತಿಯ ಶಿಫಾರಸು ಹೋಗುತ್ತಿತ್ತು. ಹೊರಟ ಅಮ್ಮಂದಿರ ಹೆಸರು ಆ ಹೊತ್ತಿಗೆ ಅವರಿಗೆ ಮರೆತಿರುತ್ತಿತ್ತು. ನನ್ನನ್ನು ಕೇಳಿದರೆ ಆ ಸಿಡುಕನೇ ವಾಸಿ.

ಈಗಿನ ಯಜಮಾನರು ‘ಮಹಿಳಾಸ್ನೇಹಿ ನಾಯಕತ್ವ’ದ ತರಬೇತಿ ಮುಗಿಸಿ ಬಂದವರು, ಬಿಡಿ. ಮಾರ್ಚ್ 8ರಂದು ತಪ್ಪದೆ ಗುಲಾಬಿ ಹಂಚುತ್ತಾರೆ. ಕಾರ್ಯಕ್ರಮ ಸಂಜೆ ಆರೂವರೆಗೆ. ಹಾಜರಿ ಕಡ್ಡಾಯ.