ಕವಣೆ ಹೆಂಗಸ್ರ ಕೈಗೂ ಬರ್ಲಿ

ಕವಣೆ ಅಂದ್ರೆ ಗಂಡುಹುಡುಗ್ರ ಸಾಮಾನು ಅಂತ ಬಾಳ ಜನ ಅನ್ಕೊಂಡವ್ರೆ. ಅದು ತಪ್ಪು ಕಣ್ರಮ್ಮ. ತೆನೆ ಕಟ್ಟೋ ಕಾಲ್ದಲ್ಲಿ ಅಟ್ಟಣೆ ಮೇಲೆ ಕೂತು ಹಕ್ಕಿ ಕಾಯ್ತಿದ್ದೋರಲ್ಲಿ ಹೆಂಗಸ್ರು, ಹೆಣ್ಮಕ್ಳೂ ಇದ್ರು. ಸುಬ್ರಹ್ಮಣ್ಯಸ್ವಾಮಿ ಕೈಹಿಡಿದ ವಳ್ಳಿ ಕತೆ ಕೇಳಿಲ್ವಾ? ಅವಳೂ ಬೆಟ್ಟದ ಮೇಲೆ ನವಣೆ ಹೊಲ ಕಾಯ್ತಾ ಕವಣೆ ಬೀಸ್ತಿದ್ದೋಳೇ.

ನಾನು ಹೇಳೋದು ಇಷ್ಟೇ. ಮಾಡೋದು ಗೊತ್ತಿರೋ ಹಿರೀಕರು ಇರೋವಾಗ್ಲೇ ಕಲ್ತ್ಕೊಳ್ಳಿ. ಕಾಸೇನೂ ಬೇಕಿಲ್ಲ. ಕತ್ತಾಳೆ ನಾರಿನ ಹುರಿ ಎರಡು, ಹಳೇ ಚಪ್ಲಿಯ ಮೆತ್ತನೆ ತೊಗಲು ಒಂದು ತುಂಡು ಸಾಕು. ತೊಗಲು ಅಂಗೈಯಷ್ಟು ಉದ್ದ, ನಾಲ್ಕು ಬೆರಳಗಲ ಇರ್ಲಿ. ನೀರಲ್ಲಿ ನೆನೆಸಿ, ನೆರಳಲ್ಲಿ ಆರಿಸಿ, ಚೂರು ಹರಳೆಣ್ಣೆ ತಿಕ್ಕಿ. ಎರಡು ತುದೀಲೂ ತೂತು ಮಾಡಿ ಹುರಿ ಬಿಗೀರಿ. ಒಂದು ಹುರಿ ಕೊನೇಲಿ ನಡುಬೆರಳು ತೂರೋ ಕುಣಿಕೆ, ಇನ್ನೊಂದರ ಕೊನೇಲಿ ಬರೀ ಗಂಟು. ಎರಡೂ ತುದಿ ಸೇರಿಸಿ ಹಿಡ್ಕೊಂಡು ಕೈ ಇಳಿಬಿಟ್ರೆ ತೊಗಲು ಮೊಣಕಾಲ್ತಾವ ಬರ್ಬೇಕು. ಎರಡು ಹುರೀನೂ ಸಮ ಇಲ್ದಿದ್ರೆ ಕಲ್ಲು ಜಾರುತ್ತೆ. ನೈಲಾನ್ ಹಗ್ಗ ಬ್ಯಾಡ, ಗಂಟು ನಿಲ್ಲಲ್ಲ.

ಬೀಸ್ಬಿಟ್ಟು ಗಂಟಿನ ತುದಿ ಬಿಟ್ರೆ ಕಲ್ಲು ಹಾರುತ್ತೆ, ಕುಣಿಕೆ ಬೆರಳಲ್ಲೇ ಉಳೀತದೆ. ಗಂಟಿನಾಚೆ ನಾರು ಕುಚ್ಚು ಬಿಟ್ಟಿದ್ರೆ, ಕಲ್ಲೇ ಇಲ್ದೆ ಬೀಸಿದ್ರೂ ಚಟೀರ್ ಅಂತ ಸದ್ದು ಬರುತ್ತೆ. ನಮಗೆ ಬೇಕಿರೋದೂ ಆ ಸದ್ದೇ.

ಯಾಕಂದ್ರೆ ಕವಣೆ ಇರೋದು ಬೆದರ್ಸೋಕೆ, ಹೊಡೆಯೋಕಲ್ಲ. ಗಿಣಿ ಬಂದು ಎರಡು ತೆನೆ ಕಚ್ಚಿತು ಅಂತ ಜೀವ ತೆಗೀಬೇಕಾ? ನವಿಲಂತೂ 1963ರಿಂದ ರಾಷ್ಟ್ರಪಕ್ಷಿ, ಅದನ್ನ ಹೊಡೆದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸು ಬೀಳ್ತದೆ. ಕಲ್ಲಿನ ಬದ್ಲು ಒಣಗಿದ ಮಣ್ಣುಂಡೆ ಹಾಕಿ, ಬಿದ್ದಲ್ಲೇ ಪುಡಿಯಾಯ್ತದೆ. ಅದನ್ನೂ ಹಕ್ಕಿ ಮೇಲಲ್ಲ, ಖಾಲಿ ಜಾಗಕ್ಕೆ ಬೀಸಿ. ಅಕ್ಕಪಕ್ಕ, ಹಿಂದೆ ಯಾರೂ ನಿಂತಿರಬಾರ್ದು. ಕಲಿಯೋವಾಗ ಅದು ಎತ್ಲಾಗಾದ್ರೂ ಹೋಗ್ಬೌದು. ರಸ್ತೆ, ಕರೆಂಟ್ ತಂತಿ ಪಕ್ಕ ಬ್ಯಾಡ್ವೇ ಬ್ಯಾಡ.

“ಬಲೆ ಕಟ್ಟಿದ್ರೆ ಮುಗೀತಲ್ಲ ಅಕ್ಕ” ಅಂತೀರಿ. ತೆಳ್ಳನೆ ನೈಲಾನ್ ಬಲೇಲಿ ಹಕ್ಕಿ, ಹಾವು ಎಲ್ಲಾ ಸಿಕ್ಕಿ ಒದ್ದಾಡಿ ಸಾಯ್ತವೆ. ಪಟಾಕಿ ಹೊಡೆದ್ರೆ ತೊಟ್ಲಲ್ಲಿರೋ ಮಗೂನೂ ಬೆಚ್ಚಿಬೀಳ್ತದೆ. ಹತ್ತು ಎಕರೆ ಕಾಯೋಕೆ ಕವಣೆ ಸಾಲದು, ನಿಜ. ಮನೆ ಹಿಂದ್ಲ ಅರ್ಧ ಎಕರೆ ಜೋಳಕ್ಕೆ, ಕಾಳು ಹಾಲುದುಂಬಿರೋ ದಿನಗಳಲ್ಲಿ, ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ನಿಂತ್ರೆ ಬೇಕಾದಷ್ಟಾಯ್ತು. ಹಕ್ಕಿ ಜಾಸ್ತಿ ಮೇಯೋದೂ ಆವಾಗ್ಲೇ.

ಇನ್ನೊಂದು ಮಾತು. ನಮ್ಮ ಕೈಲಾಂಚ ಕಡೆ ಆನೆ ಬರೋದು ಗೊತ್ತಲ್ಲ. ಕವಣೆ ಇದೆ ಅಂತ ಆನೆ ಮುಂದೆ ಯಾರೂ ಹೋಗ್ಬ್ಯಾಡಿ. ಬಾಗ್ಲು ಹಾಕ್ಕೊಂಡು ಅರಣ್ಯ ಇಲಾಖೆಗೆ ಫೋನ್ ಮಾಡಿ.

ಈ ಸಲ ತೆನೆ ಬರೋಕೆ ಮುಂಚೆ ಮನೆಗೊಂದು ಕವಣೆ ಮಾಡಿ. ಮೊಮ್ಮಕ್ಳಿಗೆ ಕಲಿಸೋವಾಗ ಮೊದ್ಲು ಹಕ್ಕಿಗೆ ಗುರಿ ಇಡಬಾರ್ದು ಅನ್ನೋದನ್ನ ಹೇಳ್ಕೊಡಿ. ಬೀಸೋದು ಆಮೇಲೆ.