ಮಳೆ ಮತ್ತು ಗುಳೆ: ಇದೂ ಒಂದು ಓದೇ?



ನಮ್ಮ ಲೈನಿನ ಹುಡುಗಿಯೊಬ್ಬಳು ಈ ವರ್ಷ ಬಿ.ಎ. ಮುಗಿಸಿದಳು. ತಾಯಿ ಎಲೆ ಕೀಳುವವರು, ತಂದೆ ಟೀ ಫ್ಯಾಕ್ಟರಿಯ ಕೆಲಸದವರು. "ಮುಂದೇನಮ್ಮ?" ಎಂದು ಕೇಳಿದ್ದಕ್ಕೆ, ಹವಾಮಾನ ಬದಲಾವಣೆಯಿಂದ ಜನರು ಊರು ಬಿಡುವ ವಿಷಯವಾಗಿ ಎಂ.ಎ. ಓದುತ್ತೇನೆ ಎಂದಳು. ತಂದೆಗೆ ದಿಗಿಲಾಯಿತು. "ಮಳೆ ಬಂದರೆ ನೆನೆಯುತ್ತೇವೆ, ಬಾರದಿದ್ದರೆ ಒಣಗುತ್ತೇವೆ. ಅದನ್ನು ಎರಡು ವರ್ಷ ಓದಬೇಕೇ? ನರ್ಸಿಂಗ್ ಸೇರಿದರೆ ಸಂಬಳವಾದರೂ ಬರುತ್ತದೆ" ಎಂದರು. ಈ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕೂಲಿಯ ಮನೆಯಲ್ಲಿ ಎರಡು ವರ್ಷದ ಓದೆಂದರೆ ಎರಡು ವರ್ಷದ ಸಂಪಾದನೆ ಬಿಟ್ಟಂತೆ. ಆದರೂ ಆಕೆಯನ್ನು ತಡೆಯಬಾರದು ಎಂಬುದೇ ನಮ್ಮ ಅಭಿಪ್ರಾಯ.

ಯಾಕೆಂದರೆ ಇದು ಪರರ ಕಥೆಯಲ್ಲ. ನಾವು ಈ ಬೆಟ್ಟಗಳಿಗೆ ಬಂದದ್ದಾದರೂ ಹೇಗೆ? 1876ರಿಂದ 1878ರ ವರೆಗಿನ ಬರದಲ್ಲಿ ಮೈಸೂರು ಸೀಮೆಯ ಸುಮಾರು ಐದರಲ್ಲೊಂದು ಪಾಲು ಜನ ಅಳಿದರೆಂದು ಲೆಕ್ಕ. ಅದೇ ಬರದಲ್ಲಿ ತಮಿಳು ಸೀಮೆಯಿಂದ ಸಾವಿರಾರು ಮಂದಿ ಸಿಲೋನಿನ ತೋಟಗಳಿಗೆ ಹೋದರು. ಆ ಕಾಲದಲ್ಲಿ ಕನ್ನಡದ ಕೂಲಿಗಳೂ ಮೇಸ್ತ್ರಿಯ ಮುಂಗಡ ಹಿಡಿದು ನೀಲಗಿರಿ, ವಯನಾಡಿನ ತೋಟಗಳಿಗೆ ಬಂದರು. ಅವರನ್ನು ಹೊರಡಿಸಿದ್ದು ಬರ ಮಾತ್ರವಲ್ಲ. ಸಾಲವಿತ್ತು, ಭೂಮಿ ಇರಲಿಲ್ಲ, ಜಾತಿಯ ಕಾಟವಿತ್ತು. ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ನೋಡುವುದೇ ಈ ಓದಿನ ಮುಖ್ಯ ಕೆಲಸ. ಬೇತ್ಲೆಹೇಮಿನ ಬರದಿಂದ ಮೋವಾಬಿಗೆ ಹೋದ ನೊವೊಮಿಯ ಕುಟುಂಬವನ್ನು ಅರಿತ ನಮಗೆ ಈ ಪಾಠ ಹೊಸದಲ್ಲ.

ಹೊರಗಿನ ಲೋಕವೂ ಇದನ್ನು ಈಗ ಲೆಕ್ಕಕ್ಕೆ ತೆಗೆದುಕೊಂಡಿದೆ. ವಾತಾವರಣ ಕೆಟ್ಟರೆ ಜನರ ವಲಸೆಯೇ ದೊಡ್ಡ ಪರಿಣಾಮವಾದೀತೆಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಮಂಡಲಿ 1990ರಲ್ಲೇ ಎಚ್ಚರಿಸಿತ್ತು. 2050ರೊಳಗೆ 21 ಕೋಟಿ 60 ಲಕ್ಷ ಜನರವರೆಗೆ ತಮ್ಮ ದೇಶದೊಳಗೇ ನೆಲೆ ಬದಲಿಸಬೇಕಾದೀತೆಂದು ವಿಶ್ವಬ್ಯಾಂಕಿನ 2021ರ ವರದಿ ಅಂದಾಜು ಮಾಡಿತು. ಆದರೆ 2011ರಲ್ಲಿ ಬ್ರಿಟನ್ ಸರಕಾರ ಪ್ರಕಟಿಸಿದ ಒಂದು ವರದಿಯ ಮಾತು ನಮ್ಮನ್ನು ಹೆಚ್ಚು ತಟ್ಟುತ್ತದೆ: ತೀರಾ ಬಡವರು ಹೊರಡಲು ಕೈಲಾಗದೆ ಅಪಾಯದ ಜಾಗದಲ್ಲೇ ಸಿಕ್ಕಿಬೀಳುತ್ತಾರೆ.

ಇದು ನಿಜವೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ವಯನಾಡಿನಲ್ಲಿ 2019ರ ಆಗಸ್ಟ್ 8ರಂದು ಪುತ್ತುಮಲ ಕುಸಿಯಿತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳು ಕೊಚ್ಚಿಹೋಗಿ 250ಕ್ಕೂ ಹೆಚ್ಚು ಜನ ಸತ್ತರು. ತೋಟದ ಪಾಡಿಗಳಲ್ಲಿ ಮಲಗಿದ್ದವರೂ ಅವರಲ್ಲಿದ್ದರು. ಮನುಷ್ಯರಿಂದಾದ ತಾಪಮಾನ ಏರಿಕೆಯಿಂದ ಅಂಥ ಒಂದು ದಿನದ ಮಳೆ ಶೇಕಡಾ 10ರಷ್ಟು ಬಿರುಸಾಗಿದೆಯೆಂದು ವಿಜ್ಞಾನಿಗಳು ಅದೇ ಆಗಸ್ಟಿನಲ್ಲಿ ಲೆಕ್ಕ ಕೊಟ್ಟರು. ಮಳೆಯ ಲೆಕ್ಕ ಸಿಕ್ಕಿತು. ಆದರೆ ಕಾರ್ಮಿಕನು ಆ ಇಳಿಜಾರಿನ ಕೆಳಗೆ ಯಾಕೆ ಮಲಗಿದ್ದ ಎಂಬ ಲೆಕ್ಕ ಯಾರ ಹತ್ತಿರ ಇದೆ? ಲೈನು ಮನೆ ಎಂಬುದು ಕೆಲಸಕ್ಕೆ ಕಟ್ಟಿಹಾಕಿದ ಮನೆ. ಕೆಲಸ ಬಿಟ್ಟರೆ ಮನೆ ಬಿಡಬೇಕು. ನಿವೃತ್ತರಾದವರು ಗ್ರಾಚ್ಯುಯಿಟಿ ಬರಲೆಂದು ಅಲ್ಲೇ ಕಾಯುತ್ತಾರೆ. ಪಟ್ಟಾ ಇಲ್ಲದವನ ಮನೆ ಹೋದರೆ ಕಾಗದದ ಮೇಲೆ ಅವನು ಕಳೆದುಕೊಂಡದ್ದೇನು? ಈ ಪ್ರಶ್ನೆ ಲೈನಿನಲ್ಲಿ ಬೆಳೆದವರಿಗೆ ತಾನಾಗಿ ಹೊಳೆಯುತ್ತದೆ. ಈಗ ಜಾರ್ಖಂಡ್, ಅಸ್ಸಾಮಿನಿಂದ ನಮ್ಮ ಪಕ್ಕದ ಸಾಲಿಗೆ ಬಂದು ಎಲೆ ಕೀಳುವವರನ್ನು "ನಿಮ್ಮೂರಲ್ಲಿ ಮಳೆ ಹೇಗಿದೆ?" ಎಂದು ನಾವೂ ಕೇಳಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಕಳುಹಿಸಿರೆಂದು ನಾವು ಹೇಳುವುದಿಲ್ಲ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಹವಾಮಾನ ಬದಲಾವಣೆಯನ್ನು ಸ್ನಾತಕೋತ್ತರ ತರಗತಿಯಲ್ಲಿ ಕಲಿಸುತ್ತ ಬಂದಿದೆ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ 1998ರಿಂದ ಕೇರಳದ ವಲಸೆಯ ಸಮೀಕ್ಷೆಗಳನ್ನು ನಡೆಸಿದೆ. ಇಂಥ ಕಡೆ ಲೆಕ್ಕವೂ ಬೇಕು, ಇಂಗ್ಲಿಷೂ ಬೇಕು. ಓದಿದ ಮೇಲೆ ವಿಪತ್ತು ನಿರ್ವಹಣೆಯಲ್ಲೋ ಸಂಶೋಧನೆಯಲ್ಲೋ ಕೆಲಸ ಸಿಗಬಹುದು, ಆದರೆ ನರ್ಸಿಂಗಿನಷ್ಟು ಖಾತ್ರಿಯಿಲ್ಲ. ಆದುದರಿಂದ ಫೀಸು, ಹಾಸ್ಟೆಲು, ವಿದ್ಯಾರ್ಥಿವೇತನಗಳನ್ನು ಮೊದಲೇ ವಿಚಾರಿಸಿರಿ. ಬಡ್ಡಿಯವನ ಬಳಿ ಮಾತ್ರ ಹೋಗಬೇಡಿರಿ.

ನಮ್ಮ ಪಾಲಿನ ಕೆಲಸವೂ ಒಂದುಂಟು. ಅಜ್ಜ ಅಜ್ಜಿಯರು ಯಾವ ಊರಿಂದ, ಯಾವ ವರ್ಷ, ಯಾವ ಕಾರಣಕ್ಕೆ ಬಂದರೆಂದು ಪ್ರತಿ ಮನೆಯವರೂ ಒಂದು ನೋಟುಪುಸ್ತಕದಲ್ಲಿ ಬರೆದಿಡೋಣ. ಹಳೆಯ ಹಾಜರಿ ಚೀಟಿ, ಸಂಬಳದ ಚೀಟಿಗಳನ್ನು ಒಲೆಗೆ ಹಾಕದಿರೋಣ. ಆ ಹುಡುಗಿಗೆ ಇವು ಪುಸ್ತಕದಲ್ಲಿ ಸಿಗುವುದಿಲ್ಲ.

ಮಗಳೇ, ನಿನಗೂ ಒಂದು ಮಾತು. ನಿನ್ನ ಪ್ರಬಂಧ ಇಂಗ್ಲಿಷಿನಲ್ಲಿರಲಿ. ಮುಗಿದ ಮೇಲೆ ಒಂದು ಭಾನುವಾರ ಸಂಜೆ ಲೈನಿನ ಮುಂದೆ ಕೂತು ಕನ್ನಡದಲ್ಲಿ ನಮಗೆ ಹೇಳು. ತಪ್ಪಿದ್ದರೆ ನಿನ್ನಮ್ಮನೇ ತಿದ್ದುತ್ತಾರೆ.